ಕೊಲೆಯ ಹೊತ್ತಿನಲ್ಲಿ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದರೆ

ಕಟಕಟೆಯಲ್ಲಿ ಹುಚ್ಚನಂತೆ ನಗುತ್ತ ನಿಂತ ಖಳನಾಯಕ ಬಿಡುಗಡೆಯಾಗಿ, ಹೊರಗೆ ಬಂದೊಡನೆ ತಲೆ ಬಾಚಿಕೊಂಡು ಕಾರು ಹತ್ತುವುದನ್ನು ಸಿನಿಮಾಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ನಿಜವಾದ ಕೋರ್ಟಿನಲ್ಲಿ ಈ ವಾದ ಗೆಲ್ಲುವುದೇ ಕಷ್ಟ. ಗೆದ್ದವನೂ ಸೀದಾ ಮನೆಗೆ ಹೋಗುವಂತಿಲ್ಲ.

ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಇದರ ಆಧಾರ. 2024ರ ಜುಲೈ 1ಕ್ಕೆ ಮೊದಲು ಇದೇ ನಿಯಮ ಐಪಿಸಿಯ 84ನೇ ಕಲಮಿನಲ್ಲಿತ್ತು. ಚಿತ್ತಸ್ವಾಸ್ಥ್ಯವಿಲ್ಲದ ಕಾರಣಕ್ಕೆ ತಾನು ಮಾಡುತ್ತಿರುವುದು ಏನೆಂದೇ ತಿಳಿಯದವನು, ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧ ಎಂದು ಅರಿಯಲಾರದವನು ಮಾಡಿದ್ದು ಅಪರಾಧವಲ್ಲ. ಇದರ ಬೇರು 1843ರ ಲಂಡನ್ನಿನಲ್ಲಿದೆ. ಆಡಳಿತ ಪಕ್ಷ ತನ್ನ ಬೆನ್ನು ಹತ್ತಿದೆ ಎಂಬ ಭ್ರಮೆಯಲ್ಲಿದ್ದ ಡೇನಿಯಲ್ ಮ್ಯಾಕ್‌ನಾಟನ್, ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹೊಡೆದ. ಅವನ ಬಿಡುಗಡೆಗೆ ದೇಶವೇ ರೇಗಿತು. ಆಗ ಹೌಸ್ ಆಫ್ ಲಾರ್ಡ್ಸ್ ನ್ಯಾಯಾಧೀಶರನ್ನು ಕೇಳಿ ಪಡೆದ ಉತ್ತರಗಳೇ ನಿಯಮವಾದವು.

ಸ್ಕಿಜೋಫ್ರೇನಿಯಾ ಇದೆ ಎಂಬ ಡಾಕ್ಟರ ಚೀಟಿಯೊಂದೇ ಸಾಲದು. ಕಾಯಿಲೆ ಇದ್ದವನಿಗೂ ತಾನು ಮಾಡುತ್ತಿರುವುದರ ಅರಿವು ಇರಬಹುದು. ಕೋರ್ಟಿಗೆ ಬೇಕಾದದ್ದು ಕೃತ್ಯ ನಡೆದ ಆ ಹೊತ್ತಿನ ಮನಸ್ಥಿತಿ. ಅದನ್ನು ನೇರವಾಗಿ ಕಂಡವರು ಯಾರೂ ಇರುವುದಿಲ್ಲ. ಹಾಗಾಗಿ ಹಿಂದುಮುಂದಿನ ನಡವಳಿಕೆಯಿಂದ ಅಳೆಯುತ್ತಾರೆ. ಕತ್ತಿ ಬಚ್ಚಿಟ್ಟನೇ? ರಕ್ತದ ಬಟ್ಟೆ ತೊಳೆದನೇ? ಊರು ಬಿಟ್ಟು ಓಡಿದನೇ?

2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಮಹಾರಾಷ್ಟ್ರದ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಪೊಲೀಸ್ ಕಾನ್‌ಸ್ಟೆಬಲ್ ಒಬ್ಬ ಕ್ವಾರ್ಟರ್ಸಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿಯ ತಲೆಗೆ ಅರೆಯುವ ಕಲ್ಲಿನಿಂದ ಹೊಡೆದು ಕೊಂದಿದ್ದ. ಓಡಲಿಲ್ಲ, ಅಡಗಲಿಲ್ಲ. ತಂದೆಗೂ ಮಾನಸಿಕ ಕಾಯಿಲೆಯಿತ್ತು. ಇವನಿಗೆ ಮೊದಲೇ ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ನಡೆದಿತ್ತು. ಬಂಧನದ ನಂತರ ಜೈಲಿನಿಂದ ಮತ್ತೆ ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಕೆಳಗಿನ ಎರಡೂ ಕೋರ್ಟುಗಳು ಶಿಕ್ಷೆ ಕೊಟ್ಟಿದ್ದರೂ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು.

ತಿಳಿದೂ ತಿಳಿಯದ ಸ್ಥಿತಿ ಇದ್ದರೆ? 1949ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಬಂದ ತಂದೆಯೊಬ್ಬ, ಕನಸಿನಲ್ಲಿ ಅಪ್ಪಣೆಯಾಯಿತೆಂದು ಮಗನನ್ನೇ ಬಲಿಕೊಟ್ಟಿದ್ದ. ಆಮೇಲೆ ಚಿಕ್ಕಪ್ಪನಿಗೆ ವಿಷಯ ಹೇಳಲು ಹೋದಾಗ ಹತ್ತಿರದಲ್ಲಿ ಚೌಕಿದಾರನನ್ನು ಕಂಡು, ಚಿಕ್ಕಪ್ಪನನ್ನು ದೂರ ಕರೆದೊಯ್ದು ಹೇಳಿದ. ಅಂದರೆ ಕಾನೂನಿನ ಭಯ ಇತ್ತು. ಆದರೂ ತಾನು ಮಾಡಿದ್ದು ಸರಿ ಎಂದೇ ನಂಬಿದ್ದನೆಂದು ಕೋರ್ಟ್ ಬಿಡುಗಡೆ ಮಾಡಿತು. 1959ರಲ್ಲಿ ಅಲಹಾಬಾದ್ ಹೈಕೋರ್ಟ್ ಇದನ್ನು ಒಪ್ಪಲಿಲ್ಲ. ತಪ್ಪು ಅಥವಾ ಕಾನೂನುಬಾಹಿರ, ಎರಡರಲ್ಲಿ ಒಂದು ಗೊತ್ತಿದ್ದರೂ ರಕ್ಷಣೆಯಿಲ್ಲ ಎಂದಿತು. ನನಗೆ ಕಲ್ಕತ್ತಾದ ಓದೇ ಕಾಯಿಲೆಯ ಸ್ವಭಾವಕ್ಕೆ ಹತ್ತಿರ ಅನ್ನಿಸುತ್ತದೆ.

ಸಿಟ್ಟು ತಲೆಗೇರಿತ್ತು, ತಡೆದುಕೊಳ್ಳಲಾಗಲಿಲ್ಲ ಎಂಬುದು ಇಲ್ಲಿ ನಡೆಯದು. ತಾನಾಗಿ ಕುಡಿದವನಿಗೆ ಈ ಕಲಂ ಇಲ್ಲ.

ರುಜುವಾತಿನ ಹೊಣೆ ಆರೋಪಿಯದು. ಆದರೆ ಪ್ರಾಸಿಕ್ಯೂಷನ್ನಿನಷ್ಟು ಗಟ್ಟಿಯಾಗಿ ಸಾಬೀತುಪಡಿಸಬೇಕಿಲ್ಲ; ಸಿವಿಲ್ ದಾವೆಯಲ್ಲಿ ನಂಬುವಷ್ಟಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಹಿಂದೆ ಮಾನಸಿಕ ಕಾಯಿಲೆ ಇತ್ತೆಂದು ತನಿಖೆಯಲ್ಲಿ ಗೊತ್ತಾದರೆ ಪೊಲೀಸರು ತಕ್ಷಣ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಸಂಶಯದ ಲಾಭ ಆರೋಪಿಗೆ ಎಂದು 2007ರಲ್ಲಿ ಹೇಳಿತು. ಆದ್ದರಿಂದ ಮನೆಯವರು ವಿಚಾರಣೆ ಶುರುವಾಗುವ ತನಕ ಕಾಯಬಾರದು. ಹಳೆಯ ಒಪಿಡಿ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಮಾತ್ರೆಯ ಬಿಲ್ಲು ಯಾವುದನ್ನೂ ಎಸೆಯದೆ ಮೊದಲ ದಿನವೇ ವಕೀಲರ ಕೈಗೆ ಕೊಡಬೇಕು. ವಕೀಲರನ್ನಿಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ನಾಚಿಕೆಯಿಂದ ಕಾಯಿಲೆ ಮುಚ್ಚಿಟ್ಟ ಮನೆಗಳಲ್ಲಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಕೇಸು ದುರ್ಬಲವಾಗುವುದು ಹೆಚ್ಚಾಗಿ ಅಲ್ಲೇ.

ಕೃತ್ಯದ ದಿನ ಸರಿಯಿದ್ದು ಈಗ ಅಸ್ವಸ್ಥನಾದವನ ಲೆಕ್ಕ ಬೇರೆ. ತನ್ನ ಪರ ವಾದ ನಡೆಸಲು ಶಕ್ತನಲ್ಲ ಎಂದು ಕಂಡರೆ ಕೋರ್ಟ್ ವೈದ್ಯರ ವರದಿ ತರಿಸಿ ವಿಚಾರಣೆಯನ್ನು ಮುಂದಕ್ಕೆ ಹಾಕಬಹುದು. ನಮ್ಮಲ್ಲಿ ಇಂಥ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಹೆಸರು ಹೆಚ್ಚಾಗಿ ಕೇಳಿಬರುತ್ತದೆ.

ಬಿಡುಗಡೆಯ ತೀರ್ಪಿನಲ್ಲೂ ಕೃತ್ಯವನ್ನು ಅವನೇ ಮಾಡಿದನೋ ಇಲ್ಲವೋ ಎಂದು ಬರೆಯಲೇಬೇಕು. ಅವನೇ ಮಾಡಿದ್ದಾದರೆ ಸುರಕ್ಷಿತ ಅಭಿರಕ್ಷೆಗೆ ಒಪ್ಪಿಸುತ್ತಾರೆ, ಇಲ್ಲವೇ ಜಾಮೀನು ಕೊಟ್ಟು ನೋಡಿಕೊಳ್ಳುವೆವೆನ್ನುವ ಬಂಧು ಅಥವಾ ಸ್ನೇಹಿತರ ವಶಕ್ಕೆ ಬಿಡುತ್ತಾರೆ. ಕೇಳುವವರಿಲ್ಲದಿದ್ದರೆ ಒಳಗೇ ಉಳಿಯುವ ಅಪಾಯವಿದೆ. ಅಸ್ಸಾಂನಲ್ಲಿ 1951ರಲ್ಲಿ ಬಂಧಿತನಾಗಿ ಮಾನಸಿಕ ಆಸ್ಪತ್ರೆ ಸೇರಿದ ವಿಚಾರಣಾಧೀನ ಕೈದಿಯೊಬ್ಬ ಗುಣವಾಗಿದ್ದಾನೆ ಎಂದು 1967ರಲ್ಲೇ ವೈದ್ಯರು ಬರೆದುಕೊಟ್ಟಿದ್ದರು. ಅಲ್ಲಿಂದ ಜೈಲಿಗೆ ಹೋದ ಅವನು ಹೊರಬಂದದ್ದು 2005ರಲ್ಲಿ, ಒಂದು ರೂಪಾಯಿಯ ಬಾಂಡಿನ ಮೇಲೆ.