ಒಂದೇ ವ್ಯಾಕರಣ, ಎರಡು ಕೆಲಸ

‘ರಾಮ ಸೀತೆಗೆ ಹೂವು ಕೊಟ್ಟನು.’ ಈ ವಾಕ್ಯ ಕಂಪ್ಯೂಟರಿಗೆ ತಿಳಿಯಬೇಕಾದರೆ ಅದನ್ನು ಬಿಡಿಸಬೇಕು: ಕ್ರಿಯೆ ‘ಕೊಡು’, ಭೂತಕಾಲ, ಕೊಟ್ಟವನು ರಾಮ, ಪಡೆದವಳು ಸೀತೆ, ವಸ್ತು ಹೂವು. ಇದಕ್ಕೆ ಪಾರ್ಸಿಂಗ್ ಎನ್ನುತ್ತಾರೆ. ಇದೇ ವಿವರ ಕೊಟ್ಟು ವಾಕ್ಯ ಕಟ್ಟಿಸಿದರೆ ಅದು ಜನರೇಷನ್. ಎರಡಕ್ಕೂ ಪ್ರತ್ಯೇಕ ನಿಯಮಗಳನ್ನು ಬರೆದರೆ ಶ್ರಮ ಇಮ್ಮಡಿ. ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಸೇರದೆ ಉಳಿದರೆ, ಯಂತ್ರ ತಾನು ಬರೆದದ್ದನ್ನು ತಾನೇ ಓದಲಾರದು.

ಒಂದೇ ವ್ಯಾಕರಣವನ್ನು ಎರಡೂ ಕೆಲಸಕ್ಕೆ ಹಚ್ಚುವ ಯೋಚನೆ ಹುಟ್ಟಿದ್ದು ಇಲ್ಲಿಂದ. ಸಂಶೋಧಕ ಸ್ಟೂವರ್ಟ್ ಶೀಬರ್ 1988ರಲ್ಲಿ ಪಾರ್ಸಿಂಗ್ ಮತ್ತು ಜನರೇಷನ್ ಎರಡಕ್ಕೂ ಒಂದೇ ಚೌಕಟ್ಟನ್ನು ಮುಂದಿಟ್ಟರು.

ಆದರೆ ನಿಯಮಗಳನ್ನು ಸುಮ್ಮನೆ ತಿರುವಿ ಹಾಕಿದರೆ ಸಾಲದು. ಕನ್ನಡದ ವಾಕ್ಯವನ್ನೇ ನೋಡಿ. ಎಡದಿಂದ ಕಟ್ಟುತ್ತ ಹೊರಟ ಯಂತ್ರ ‘ಸೀತೆ’ಯ ಹತ್ತಿರ ಬಂದಾಗ ‘ಗೆ’ ಹಚ್ಚಬೇಕೋ ‘ಯನ್ನು’ ಹಚ್ಚಬೇಕೋ ತಿಳಿಯದು. ಅದನ್ನು ತೀರ್ಮಾನಿಸುವ ಕ್ರಿಯಾಪದ ಕೊನೆಯಲ್ಲಿದೆ! ಕೆಲವು ನಿಯಮಗಳಲ್ಲಂತೂ ಹುಡುಕಾಟ ಮುಗಿಯದೆ ಸುತ್ತುತ್ತಲೇ ಇರುತ್ತದೆ.

ಶೀಬರ್, ಖೆರ್ತ್‌ಯಾನ್ ಫಾನ್ ನೂರ್ಡ್, ಫೆರ್ನಾಂಡೊ ಪೆರೇರಾ ಮತ್ತು ರಾಬರ್ಟ್ ಮೂರ್ 1990ರಲ್ಲಿ ಪ್ರಕಟಿಸಿದ ವಿಧಾನ ಈ ತೊಡಕನ್ನು ಬಿಡಿಸಿತು. ಅರ್ಥದ ತಿರುಳನ್ನು ಹೊತ್ತ ಪದವನ್ನು ಮೊದಲು ಹಿಡಿ, ಉಳಿದದ್ದನ್ನು ಅದರ ಸುತ್ತ ಸೇರಿಸು ಎಂಬುದು ಅದರ ಸಾರ. ‘ಕೊಡು’ ಕೈಗೆ ಸಿಕ್ಕಿದರೆ ಪಡೆಯುವವರಿಗೆ ಚತುರ್ಥಿ ವಿಭಕ್ತಿ ತಾನಾಗಿ ಬರುತ್ತದೆ. ಕೊಟ್ಟವನು ರಾಮನಾದರೆ ‘ಕೊಟ್ಟನು’, ಸೀತೆಯಾದರೆ ‘ಕೊಟ್ಟಳು’. ವ್ಯಾಕರಣ ಅದೇ, ಅದನ್ನು ಓದುವ ಕ್ರಮ ಮಾತ್ರ ಬೇರೆ.

ಇನ್ನೊಂದು ಕಷ್ಟ ಉಳಿದೇ ಇದೆ. ‘ಸೀತೆಗೆ ರಾಮ ಹೂವು ಕೊಟ್ಟನು’ ಎಂಬುದೂ ಸರಿಯೇ. ಓದುವಾಗ ಎರಡನ್ನೂ ಒಪ್ಪಬೇಕು, ಬರೆಯುವಾಗ ಒಂದನ್ನೇ ಆರಿಸಬೇಕು. ಈ ಆಯ್ಕೆಗೆ ಜನರ ಬಳಕೆಯಿಂದ ಕಲಿತ ಅಂಕಿಅಂಶಗಳ ನೆರವು ಬೇಕಾಗುತ್ತದೆ.

ಇಷ್ಟೆಲ್ಲ ಪಾಡುಪಟ್ಟದ್ದರ ಫಲವನ್ನು ಅಮೆರಿಕದ ಡ್ಯಾನ್ ಫ್ಲಿಕಿಂಜರ್ ಹಲವು ವರ್ಷ ಬೆಳೆಸಿದ ‘ಇಂಗ್ಲಿಷ್ ರಿಸೋರ್ಸ್ ಗ್ರಾಮರ್’ನಲ್ಲಿ ಕಾಣಬಹುದು. ಇಂಗ್ಲಿಷ್ ಕಲಿಯುವವರಿಗಾಗಿ ಇದೇ ವ್ಯಾಕರಣದ ಮೇಲೆ ‘ಆರ್ಬೊರೇಟಮ್’ ಎಂಬ ವ್ಯವಸ್ಥೆಯನ್ನು 2004ರಲ್ಲಿ ಪರಿಚಯಿಸಲಾಯಿತು. ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪುಗಳಿಗೂ ಅದರಲ್ಲಿ ನಿಯಮಗಳಿವೆ. ವಿದ್ಯಾರ್ಥಿಯ ತಪ್ಪು ವಾಕ್ಯವನ್ನು ಆ ನಿಯಮಗಳ ಸಹಾಯದಿಂದ ಅರ್ಥ ಮಾಡಿಕೊಂಡು, ಬಳಿಕ ಅವನ್ನು ಬದಿಗಿಟ್ಟು, ಅದೇ ಅರ್ಥಕ್ಕೆ ಸರಿಯಾದ ವಾಕ್ಯವನ್ನು ಕಟ್ಟಿ ತೋರಿಸುತ್ತದೆ. ತಪ್ಪು ಎಲ್ಲಿದೆ ಎಂದು ಹೇಳುವ ವ್ಯಾಕರಣವೇ ತಿದ್ದುಪಡಿಯನ್ನೂ ಕೊಡುವುದರಿಂದ, ವಿದ್ಯಾರ್ಥಿ ಹೇಳಬಯಸಿದ ಮಾತು ಕೈಬಿಟ್ಟುಹೋಗುವುದಿಲ್ಲ.