ಕೌದಿ ಬೆಚ್ಚಗಿರುವುದೇಕೆ?

ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಮನೆಗಳಲ್ಲಿ ಕೌದಿಯನ್ನು ಅರಿಯದವರು ವಿರಳ. ಉಟ್ಟು ಸವೆದ ಸೀರೆ, ಮಾಸಿದ ಧೋತರ, ಹಳೆಯ ಅಂಗಿಯ ಬೆನ್ನು, ಮಕ್ಕಳ ಲಂಗದ ಚೂರು, ದರ್ಜಿಯ ಕತ್ತರಿಯಿಂದ ಉದುರಿದ ತುಂಡು, ಇವುಗಳನ್ನು ಚೌಕಗಳಾಗಿ ಕತ್ತರಿಸಿ, ಪದರು ಪದರಾಗಿ ಹಾಸಿದ ಹಳೆಯ ಬಟ್ಟೆಯ ಮೇಲೆ ಒಂದರ ಮಗ್ಗುಲಿಗೊಂದನ್ನು ಹೊಂದಿಸಿ ಹೊಲಿದರೆ ಕೌದಿಯಾಯಿತು. ಅದಕ್ಕಾಗಿ ಹಣ ತೆತ್ತು ತಂದ ವಸ್ತು ಸೂಜಿದಾರವೊಂದೇ. ಆದರೂ ಮಾಗಿಯ ಚಳಿಯಲ್ಲಿ ಮನೆಮಂದಿಯೆಲ್ಲ ಅದರಡಿಯಲ್ಲಿ ಸುಖವಾಗಿ ನಿದ್ರಿಸುತ್ತಾರೆ.

ಒಂದೊಂದಾಗಿ ಎತ್ತಿಕೊಂಡರೆ ಆ ಚಿಂದಿಗಳಲ್ಲಿ ಯಾವುದೂ ಚಳಿಯನ್ನು ತಡೆಯಲಾರದು. ಅವೆಲ್ಲ ಕೂಡಿದಾಗ ಈ ಬಿಸುಪು ಎಲ್ಲಿಂದ ಬಂದಿತು?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೌದಿಯು ಶಾಖವನ್ನು ಉತ್ಪಾದಿಸುವುದಿಲ್ಲ. ಯಾರೂ ಹೊದೆಯದೆ ಮಡಿಸಿಟ್ಟ ಕೌದಿಯೊಳಗೆ ಉಷ್ಣಮಾಪಕವನ್ನು ಇಟ್ಟು ನೋಡಿದರೆ, ಅದು ಕೋಣೆಯ ಉಷ್ಣತೆಯನ್ನೇ ತೋರಿಸುತ್ತದೆ. ಶಾಖವನ್ನು ಒದಗಿಸುವವನು ಮಲಗಿದ ಮನುಷ್ಯನೇ. ನಿದ್ರಿಸುತ್ತಿರುವ ವಯಸ್ಕನ ದೇಹವು, ಹಿಂದೆ ಮನೆಮನೆಯಲ್ಲಿ ಉರಿಯುತ್ತಿದ್ದ 60 ವಾಟಿನ ತಂತಿದೀಪದಷ್ಟು ಶಾಖವನ್ನು ಎಡೆಬಿಡದೆ ಹೊರಚೆಲ್ಲುತ್ತಿರುತ್ತದೆ. ಆ ಶಾಖವು ಬೇಗನೆ ಹೊರಕ್ಕೆ ಸೋರಿಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ.

ಈ ತಡೆಯ ಗುಟ್ಟನ್ನು ಪ್ರಯೋಗದಿಂದ ಹುಡುಕಿದವರಲ್ಲಿ ಕೌಂಟ್ ರಮ್‌ಫರ್ಡ್ ಪ್ರಮುಖನು. ಅಮೆರಿಕೆಯಲ್ಲಿ ಹುಟ್ಟಿ, ಜರ್ಮನಿಯ ಬವೇರಿಯ ಸಂಸ್ಥಾನದ ಸೇವೆಯಲ್ಲಿದ್ದ ಈತನಿಗೆ ಸೈನಿಕರ ಉಡುಪಿನ ಚಿಂತೆಯೂ ಅಂಟಿಕೊಂಡಿತ್ತು. ಉಷ್ಣಮಾಪಕದ ಬುರುಡೆಯನ್ನು ಗಾಜಿನ ಕೊಳವೆಯೊಳಗಿಟ್ಟು, ಸುತ್ತಲಿನ ತೆರವಿನಲ್ಲಿ ರೇಷ್ಮೆ, ಉಣ್ಣೆ, ಹತ್ತಿ, ತುಪ್ಪುಳು ಇವುಗಳನ್ನು ಒಂದೊಂದಾಗಿ ತುಂಬಿ, ಕುದಿನೀರಿನಲ್ಲಿ ಕಾಯಿಸಿ, ಬಳಿಕ ಮಂಜುಗಡ್ಡೆಯಲ್ಲಿಟ್ಟು, ಅದು ತಣಿಯಲು ಎಷ್ಟು ಹೊತ್ತು ಬೇಕಾಗುವುದೆಂದು ಎಣಿಸಿದನು. 1792ರಲ್ಲಿ ಅವನು ಪ್ರಕಟಿಸಿದ ಫಲಿತಾಂಶಗಳಲ್ಲಿ ಒಂದು ವಿಚಿತ್ರವಿತ್ತು. ರೇಷ್ಮೆಯನ್ನು ಹಗುರಾಗಿ ಬಿಡಿಸಿ ತುಂಬಿದಾಗ ಶಾಖವು ಬಹಳ ಹೊತ್ತು ಉಳಿಯಿತು. ಅಷ್ಟೇ ತೂಕದ ರೇಷ್ಮೆಯನ್ನು ಬಿಗಿಯಾಗಿ ಹುರಿಗೊಳಿಸಿದ ದಾರದ ರೂಪದಲ್ಲಿ ತುಂಬಿದಾಗ ಬೇಗನೆ ಸೋರಿಹೋಯಿತು. ವಸ್ತು ಅದೇ, ತೂಕವೂ ಅದೇ. ಬದಲಾದದ್ದು ಎಳೆಗಳ ನಡುವೆ ಗಾಳಿ ಸೆರೆಸಿಕ್ಕಿದ ಬಗೆ.

ಗಾಳಿಯು ಬಲು ಮಂದವಾದ ಉಷ್ಣವಾಹಕ. ತಾಮ್ರವು ಅದಕ್ಕಿಂತ ಸುಮಾರು 15,000 ಪಟ್ಟು, ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತವೆ. ಹಾಗಾದರೆ ಹೊದಿಕೆಯೇ ಇಲ್ಲದೆ ಬರಿಯ ಗಾಳಿಯಲ್ಲಿ ಮಲಗಬಹುದಲ್ಲ ಎಂದು ತರುಣ ವಾಚಕರು ಕೇಳಬಹುದು. ಗಾಳಿಗೆ ನಿಂತಲ್ಲಿ ನಿಲ್ಲುವ ಸ್ವಭಾವವಿಲ್ಲ. ಮೈಸೋಕಿ ಬಿಸಿಯಾದ ಗಾಳಿ ಮೇಲೇರುತ್ತದೆ. ಆ ಜಾಗಕ್ಕೆ ತಣ್ಣನೆಯ ಗಾಳಿ ನುಗ್ಗುತ್ತದೆ. ಚಲಿಸುವ ಗಾಳಿ ಶಾಖವನ್ನು ಹೊತ್ತೊಯ್ಯುವ ಕೂಲಿಯಾಳು. ನಿಶ್ಚಲವಾದ ಗಾಳಿ ಅದನ್ನು ತಡೆಯುವ ಗೋಡೆ. ಕೂಲಿಯಾಳನ್ನು ಗೋಡೆಯಾಗಿ ಮಾರ್ಪಡಿಸುವುದೇ ಬಟ್ಟೆಯ ಕಾರ್ಯ.

ಕೌದಿಯಲ್ಲಿ ಇದು ಎರಡು ವಿಧದಿಂದ ನಡೆಯುತ್ತದೆ. ಪದರು ಪದರುಗಳ ನಡುವೆ ಗಾಳಿಯ ತೆಳುವಾದ ಹಾಳೆಗಳು ಸಿಕ್ಕಿಕೊಳ್ಳುತ್ತವೆ. ಅಲ್ಲದೆ, ಹತ್ತಾರು ಸಲ ಒಗೆದು ಹಳೆಯದಾದ ಹತ್ತಿಬಟ್ಟೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ನವಿರಾದ ನಾರುಗಳು ಎದ್ದುನಿಂತು, ಅವುಗಳ ಸಂದುಗಳಲ್ಲಿಯೂ ಗಾಳಿ ಕದಲದೆ ಉಳಿಯುತ್ತದೆ. ಗಂಜಿ ಬಿಡದ ಹೊಸ ಬಟ್ಟೆಗೆ ಈ ಗುಣ ಕಡಿಮೆ. ಹಳೆಯ ಬಟ್ಟೆಯೇ ಕೌದಿಗೆ ಲೇಸೆಂದು ಹಿರಿಯ ಹೆಂಗಸರು ಹೇಳುವುದು ಬಡತನದ ಸಮಾಧಾನವೆಂದು ಯಾರಾದರೂ ಭಾವಿಸಿದ್ದರೆ, ಆ ಭಾವನೆ ಸರಿಯಲ್ಲ.

ಎಂಟು ಗಜ ಉದ್ದ, ನಾಲ್ಕು ಅಡಿ ಅಗಲದ ಒಂದು ಕೈಮಗ್ಗದ ಸೀರೆಯೆಂದರೆ 96 ಚದರಡಿ ಬಟ್ಟೆ. 5 ಅಡಿ ಅಗಲ, 7 ಅಡಿ ಉದ್ದದ ಕೌದಿಗೆ ಒಂದು ಪದರಿಗೆ ಬೇಕಾದುದು 35 ಚದರಡಿ. ಎಂದರೆ ಒಂದೇ ಸೀರೆಯಿಂದ ಎರಡು ಪದರು ಪೂರ್ಣವಾಗಿ ದೊರೆತು, ಇನ್ನೂ ಮುಕ್ಕಾಲು ಪದರಿನಷ್ಟು ಬಟ್ಟೆ ಉಳಿಯುತ್ತದೆ.

ಪದರುಗಳನ್ನು ಹಿಡಿದಿಡುವುದು ಹೊಲಿಗೆ. ಸೂಜಿಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಮುಂದೆ ಸಾಗುವ ಸಾದಾ ಹೊಲಿಗೆಯ ಸಾಲುಗಳು ಕೌದಿಯ ಉದ್ದಗಲಕ್ಕೂ ಹರಡಿರುತ್ತವೆ. ಇಲ್ಲೊಂದು ಬಿಕ್ಕಟ್ಟಿದೆ. ಸಾಲುಗಳು ವಿರಳವಾದರೆ ಪದರುಗಳು ಜಾರಿ ಒಂದು ಮೂಲೆಗೆ ಮುದ್ದೆಯಾಗುತ್ತವೆ. ತೀರ ಒತ್ತಾದರೆ ಪ್ರತಿಯೊಂದು ಹೊಲಿಗೆಯೂ ಬಟ್ಟೆಯನ್ನು ಅಮುಕಿ, ಆ ಸ್ಥಳದಲ್ಲಿ ಗಾಳಿಯನ್ನು ಹೊರದೂಡುತ್ತದೆ. ಕೌದಿ ಗಟ್ಟಿಯಾಗುತ್ತದೆ, ಬಿಸುಪು ಕುಗ್ಗುತ್ತದೆ. ಸಾಲಿಗೂ ಸಾಲಿಗೂ ಬೆರಳಗಲದಷ್ಟು ಅಂತರವಿಟ್ಟು, ದಾರವನ್ನು ಜಗ್ಗದೆ ಹೊಲಿಯುವುದು ಈ ಎರಡರ ನಡುವಣ ಹದ.

ಇನ್ನು ಚೌಕಗಳ ವಿಚಾರ. ತುಂಡು ಎಷ್ಟು ಚಿಕ್ಕದಿದ್ದರೂ ಬಿಸಾಡಬಾರದೆಂಬ ಹಟ ಕೆಲವರಿಗಿರುತ್ತದೆ. ಅದು ಮೆಚ್ಚತಕ್ಕದ್ದೇ, ಆದರೆ ಲೆಕ್ಕ ಬೇರೆ ಮಾತನ್ನು ಹೇಳುತ್ತದೆ. ಚೌಕದ ನಾಲ್ಕು ಕಡೆಗೂ ಕಾಲು ಅಂಗುಲ ಬಟ್ಟೆ ಹೊಲಿಗೆಯ ಮಡಿಕೆಗೆ ಹೋಗುತ್ತದೆಂದು ಇಟ್ಟುಕೊಳ್ಳೋಣ. 2 ಅಂಗುಲದ ಚೌಕವು ಹೊಲಿದ ಮೇಲೆ ಒಂದೂವರೆ ಅಂಗುಲದ್ದಾಗುತ್ತದೆ. 4 ಚದರಂಗುಲ ಬಟ್ಟೆಯಲ್ಲಿ ಮೇಲೆ ಕಾಣುವುದು 2.25 ಚದರಂಗುಲ, ನೂರಕ್ಕೆ 44 ಪಾಲು ಕೆಳಗೆ ಅಡಗಿತು. 4 ಅಂಗುಲದ ಚೌಕದಲ್ಲಾದರೋ ಅಡಗುವುದು ನೂರಕ್ಕೆ 23 ಪಾಲು ಮಾತ್ರ. ಮೇಲೆ ಹೇಳಿದ ಅಳತೆಯ ಕೌದಿಗೆ 2 ಅಂಗುಲದ ಚೌಕಗಳು 2,240 ಬೇಕು; 4 ಅಂಗುಲದವು ಸುಮಾರು 410 ಸಾಕು. ಚೌಕಗಳನ್ನು ಕೂಡಿಸುವ ಹೊಲಿಗೆಯ ಉದ್ದ ಮೊದಲನೆಯದರಲ್ಲಿ 548 ಅಡಿ, ಎರಡನೆಯದರಲ್ಲಿ ಸುಮಾರು 226 ಅಡಿ. ಒಳಗೆ ಅಡಗಿದ ಮಡಿಕೆಯೂ ಒಂದು ಪದರಾಗಿ ಒದಗುತ್ತದೆ, ನಿಜ. ಆದರೆ ಹೊಸದಾಗಿ ಕಲಿಯುವವರು 2 ಅಂಗುಲದ ಚೌಕಗಳಿಂದ ಆರಂಭಿಸಿದರೆ ಕೌದಿ ಮುಗಿಯುವ ಮುನ್ನ ಉತ್ಸಾಹ ಮುಗಿಯುತ್ತದೆಂದು ನನ್ನ ಅಭಿಪ್ರಾಯ. ಅಂತಹ ಚೂರುಗಳನ್ನು ದೊಡ್ಡ ಚೌಕಗಳ ನಡುವೆ ಅಲಂಕಾರಕ್ಕೆ ಬಳಸುವುದು ಮೇಲು.

ಚೌಕವನ್ನು ಎಳೆಗೆ ಸರಿಯಾಗಿ ಕತ್ತರಿಸುವುದೂ ಮುಖ್ಯ. ನೇಯ್ದ ಬಟ್ಟೆಯಲ್ಲಿ ಹಾಸಿನ ಎಳೆಗಳೂ ಹೊಕ್ಕಿನ ಎಳೆಗಳೂ ಒಂದನ್ನೊಂದು ಲಂಬವಾಗಿ ದಾಟುತ್ತವೆ. ಎಳೆಯ ದಿಕ್ಕಿನಲ್ಲಿ ಜಗ್ಗಿದರೆ ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ. ಓರೆಯಾಗಿ ಮೂಲೆಯಿಂದ ಮೂಲೆಗೆ ಜಗ್ಗಿದರೆ ಎಳೆಗಳ ನಡುವಣ ಪುಟ್ಟ ಚೌಕಗಳೆಲ್ಲ ವಜ್ರಾಕೃತಿಗೆ ವಾಲಿ, ಬಟ್ಟೆ ಸುಲಭವಾಗಿ ಹಿಗ್ಗುತ್ತದೆ. ಅಂಚು ಓರೆಯಾದ ಚೌಕ ಹೊಲಿಯುವಾಗಲೇ ಸೊಟ್ಟಗಾಗುವುದು ಇದರಿಂದ. ಕೈವಸ್ತ್ರವೊಂದನ್ನು ಎರಡು ಬಗೆಯಲ್ಲೂ ಎಳೆದು ನೋಡಿದರೆ ಈ ಸಂಗತಿ ಕೂಡಲೇ ಮನವರಿಕೆಯಾಗುತ್ತದೆ.

ತುಂಡು ಕೂಡಿಸುವ ಈ ವಿದ್ಯೆ ಬಹು ಪುರಾತನವಾದುದು. ಬೌದ್ಧ ಭಿಕ್ಷುಗಳ ಚೀವರವನ್ನು ಮಗಧದ ಗದ್ದೆಗಳ ಬದುಗಳಂತೆ ತುಂಡು ತುಂಡಾಗಿ ಹೊಲಿಯಬೇಕೆಂದು ಬುದ್ಧನು ಆನಂದನಿಗೆ ಸೂಚಿಸಿದನೆಂದು ವಿನಯಪಿಟಕವು ಹೇಳುತ್ತದೆ. ನಮ್ಮ ನಾಡಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಂಗಸರ ಕೌದಿಗಳು ದೇಶಾಂತರಗಳಲ್ಲಿಯೂ ಕೀರ್ತಿ ಪಡೆದಿವೆ. ಆಫ್ರಿಕ ಮೂಲದ ಈ ಜನರು ಹಾಸಿದ ಸೀರೆಯ ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತಲೂ ತುಂಡುಗಳನ್ನು ಕೂಡಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಬಂದು ಸೇರುತ್ತಾರೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ತ್ರಿಕೋನವಾಗಿ ಮಡಿಸಿದ ಬಟ್ಟೆಯ ‘ಫೂಲ’ಗಳನ್ನು ಇಡುತ್ತಾರೆ. ಫೂಲವಿಲ್ಲದ ಕೌದಿ ಬತ್ತಲೆಯೆಂಬುದು ಅವರ ಎಣಿಕೆ. ಕೌದಿಯನ್ನು ಎತ್ತುವಾಗಲೂ ಕೊಡಹುವಾಗಲೂ ಹೆಚ್ಚಿನ ಎಳೆತ ಬೀಳುವುದು ಮೂಲೆಗಳ ಮೇಲೆಯೇ ಆದುದರಿಂದ, ಈ ಚೆಲುವಿನಲ್ಲಿ ಬಲವೂ ಕೂಡಿಕೊಂಡಿದೆ.

ಕತ್ತರಿಸುವ ಮುನ್ನ ಎಲ್ಲ ತುಂಡುಗಳನ್ನೂ ನೀರಿನಲ್ಲಿ ನೆನೆಸಿ ಒಣಗಿಸಬೇಕು. ನೇಯುವಾಗ ಬಿಗಿದ ಎಳೆಗಳು ಮೊದಲ ಒಗೆತದಲ್ಲಿ ಸಡಿಲಗೊಂಡು ಬಟ್ಟೆ ಕುಗ್ಗುತ್ತದೆ. ಒಂದೊಂದು ಬಟ್ಟೆ ಕುಗ್ಗುವ ಪ್ರಮಾಣ ಒಂದೊಂದು. ಹೊಲಿದ ಮೇಲೆ ಕುಗ್ಗಿದರೆ ಕೌದಿಯೆಲ್ಲ ಸುಕ್ಕುಸುಕ್ಕಾಗುತ್ತದೆ. ಒದ್ದೆಯಾದ ತುಂಡನ್ನು ಬಿಳಿಯ ಬಟ್ಟೆಯ ಮೇಲೊತ್ತಿ, ಬಣ್ಣ ಬಿಡುವುದೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಶಾಶ್ವತವಾಗಿ ನಿಲ್ಲುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬಣ್ಣ ಹಾಕುವ ಹೊತ್ತಿನಲ್ಲಿ ಅದನ್ನು ನಾರಿಗೆ ಹತ್ತಿಸಲು ಉಪ್ಪು ನೆರವಾಗುವುದುಂಟು. ಬಣ್ಣ ಹಾಕಿ ಮುಗಿದ ಬಟ್ಟೆಗೆ ಅದರಿಂದ ಬಾಳುವ ಪ್ರಯೋಜನವಿಲ್ಲ.

ಈ ಕ್ರಮಗಳೆಲ್ಲ ರೂಢಿಗೆ ಬಂದ ಕಾಲದಲ್ಲಿ ಮನೆಯ ಚಿಂದಿಯ ಗಂಟಿನಲ್ಲಿದ್ದುದು ಬಹುಮಟ್ಟಿಗೆ ಹತ್ತಿಯೇ. ಯಾವ ತುಂಡಾದರೂ ಕೌದಿಗೆ ಸಲ್ಲುತ್ತದೆಂಬ ಮಾತು ಆಗ ಸರಿಯಾಗಿತ್ತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ಪಾಲಿಯೆಸ್ಟರ್ ನಾರನ್ನು ತಯಾರಿಸಿದರು. ಇಂದು ಸೀರೆ, ಅಂಗಿ, ಲಂಗಗಳಲ್ಲೆಲ್ಲ ಅದು ಸೇರಿಕೊಂಡಿದೆ. ಆದ್ದರಿಂದ ಚಿಂದಿಯ ಗಂಟನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಪಾಲಿಯೆಸ್ಟರ್ ಕೆಟ್ಟ ನಾರೆಂದು ನಾನು ಹೇಳುತ್ತಿಲ್ಲ. ಸವೆಯದೆ ಬಾಳುವುದರಲ್ಲಿ ಅದು ಹತ್ತಿಯನ್ನು ಮೀರಿಸುತ್ತದೆ. ಕೊರತೆಯಿರುವುದು ತೇವದ ವಿಷಯದಲ್ಲಿ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 65 ಇರುವಾಗ, 100 ಗ್ರಾಂ ಒಣಹತ್ತಿ ಸುಮಾರು 7ರಿಂದ 8 ಗ್ರಾಂ ನೀರಾವಿಯನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ; ತೇವ ಹೆಚ್ಚಿದರೆ ಇನ್ನಷ್ಟನ್ನು ಹೀರುತ್ತದೆ. ಹತ್ತಿಯ ಸೆಲ್ಯುಲೋಸ್ ಅಣುಗಳಿಗೆ ನೀರಿನೊಡನೆ ನಂಟು ಬಹಳ. ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಗ್ರಾಮಿಗಿಂತಲೂ ಕಡಿಮೆ. ರಾತ್ರಿಯೆಲ್ಲ ಮೈಯಿಂದ ಹೊರಡುವ ಬೆವರಿನ ಆವಿಗೆ ಅಲ್ಲಿ ಆಶ್ರಯವಿಲ್ಲ. ಹೊದ್ದವರಿಗೆ ಜಿಗುಟು ಜಿಗುಟೆನಿಸುತ್ತದೆ. ಇನ್ನು ಅದರ ನುಣುಪಾದ ಅಖಂಡ ಎಳೆಗಳಲ್ಲಿ ನಾರುಗಳು ಎದ್ದುನಿಲ್ಲುವುದು ಕಡಿಮೆ. ಪದರುಗಳು ಒಂದರ ಮೇಲೊಂದು ಜಾರುತ್ತವೆ.

ಇದಕ್ಕಿಂತ ಗಂಭೀರವಾದುದು ಬೆಂಕಿಯ ಭಯ. ಹತ್ತಿಯೂ ಉರಿಯುತ್ತದೆ, ಸಂದೇಹವಿಲ್ಲ, ಆದರೆ ಕರಗುವುದಿಲ್ಲ. ಪಾಲಿಯೆಸ್ಟರ್ ಸುಮಾರು 255 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿ, ಅಂಟಾಗಿ ಚರ್ಮವನ್ನು ಹಿಡಿದುಕೊಳ್ಳುತ್ತದೆ. ಎರಡೂ ಕೂಡಿದ ಬಟ್ಟೆಯಲ್ಲಿ ಉರಿಯುವ ಹತ್ತಿಯ ನಾರುಗಳು ಹಂದರದಂತೆ ನಿಂತು, ಕರಗಿದ ಪಾಲಿಯೆಸ್ಟರನ್ನು ಕೆಳಗೆ ತೊಟ್ಟಿಕ್ಕಲು ಬಿಡದೆ ಉರಿಯಲ್ಲಿಯೇ ಹಿಡಿದಿಡುತ್ತವೆ. ಒಲೆಯ ಸಮೀಪದಲ್ಲಿ ಮಲಗುವ ಮನೆಗಳಲ್ಲಿ, ಮುಖ್ಯವಾಗಿ ಮಕ್ಕಳ ಕೌದಿಯಲ್ಲಿ, ಇದನ್ನು ಅಲಕ್ಷಿಸಲಾಗದು.

ಪರೀಕ್ಷೆ ಸುಲಭವಾದುದು. ಅನುಮಾನವಿರುವ ಬಟ್ಟೆಯಿಂದ ಹಾಸಿನ ಎರಡು ಎಳೆ, ಹೊಕ್ಕಿನ ಎರಡು ಎಳೆಗಳನ್ನು ಬೇರೆಬೇರೆಯಾಗಿ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ದೀಪದ ಜ್ವಾಲೆಗೆ ಹಿಡಿಯಬೇಕು, ಹಿರಿಯರೊಬ್ಬರು ಜೊತೆಗಿರಲಿ. ಹತ್ತಿಯು ಕಾಗದ ಸುಟ್ಟ ವಾಸನೆ ಬೀರಿ, ಬೆರಳಿಗೆ ಹುಡಿಯಾಗುವ ಬೂದಿಯನ್ನು ಉಳಿಸುತ್ತದೆ. ಪಾಲಿಯೆಸ್ಟರ್ ಜ್ವಾಲೆಯಿಂದ ಹಿಂದೆ ಸರಿದು, ಮುರುಟಿ, ಆರಿದ ಮೇಲೆ ಗಟ್ಟಿಯಾದ ಮಣಿಯಾಗುತ್ತದೆ. ಬೂದಿಯೂ ಗಡುಸಾದ ಹರಳುಗಳೂ ಕೂಡಿ ಕಂಡರೆ ಅದು ಬೆರಕೆಯ ಬಟ್ಟೆ. ಹೀಗೆ ಬೇರ್ಪಡಿಸಿದ ಪಾಲಿಯೆಸ್ಟರ್ ತುಂಡುಗಳಿಂದ ಸಂತೆಯ ಚೀಲವನ್ನು ಹೊಲಿಯಬಹುದು. ನೀರು ಹೀರದೆ ಬೇಗನೆ ಒಣಗುವ ಅದರ ಗುಣ ಅಲ್ಲಿ ಉಪಯೋಗಕ್ಕೆ ಬರುತ್ತದೆ.