ಹೊಲಿಗೆ ಯಂತ್ರವೂ ಇರುವ ಗ್ರಂಥಾಲಯ!

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಅಂಗಿ ಹರಿದರೆ ನಗರ ಗ್ರಂಥಾಲಯಕ್ಕೆ ಹೋಗಿ ಹೊಲಿದುಕೊಳ್ಳಬಹುದು!

ಅಲ್ಲಿನ ‘ಓಡಿ’ ಕೇಂದ್ರ ಗ್ರಂಥಾಲಯದ ಎರಡನೇ ಮಹಡಿಯಲ್ಲಿ ಹೊಲಿಗೆ ಯಂತ್ರ, 3ಡಿ ಪ್ರಿಂಟರ್, ಸಂಗೀತ ಸ್ಟುಡಿಯೊ ಎಲ್ಲವೂ ಇವೆ. ನೆಂಟರಿಷ್ಟರು ಕೂಡಿ ಅಡುಗೆ ಮಾಡಲು ಅಡುಗೆಮನೆಯನ್ನೂ ಕಾಯ್ದಿರಿಸಬಹುದು. ನೆಲಮಹಡಿಯಲ್ಲಿ ಚಿತ್ರಮಂದಿರವಿದೆ. ಹಾಗಾದರೆ ಪುಸ್ತಕಗಳು? ಮೇಲಿನ ಮಹಡಿ ಇಡೀ ಅವುಗಳದ್ದೇ. ಸುಮಾರು ಒಂದು ಲಕ್ಷ! ಒಳಬರಲು ಶುಲ್ಕವಿಲ್ಲ, ಸದಸ್ಯತ್ವವೂ ಬೇಕಿಲ್ಲ.

ದೇಶದ ಸ್ವಾತಂತ್ರ್ಯದ ಶತಮಾನೋತ್ಸವಕ್ಕೆ ಜನರಿಗೆ ಕೊಟ್ಟ ಉಡುಗೊರೆಯಿದು. ಸಂಸತ್ ಭವನದ ಎದುರಿಗೇ ಕಟ್ಟಿದ್ದು ನಿಜಕ್ಕೂ ದೊಡ್ಡ ಮನಸ್ಸಿನ ನಿರ್ಧಾರ.

2018ರ ಡಿಸೆಂಬರ್ 5ರಂದು ಬಾಗಿಲು ತೆರೆದ ‘ಓಡಿ’, ಮರುವರ್ಷವೇ ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟದಿಂದ ‘ವರ್ಷದ ಸಾರ್ವಜನಿಕ ಗ್ರಂಥಾಲಯ’ ಪ್ರಶಸ್ತಿ ಪಡೆಯಿತು.